ನರೈನ್ ಬೌಲರಾ, ಬ್ಯಾಟ್ಸ್‌ಮನ್ನಾ? ಫ್ಯಾಂಟಸಿ ಲೀಗಲ್ಲಿ ಪೊಸಿಷನ್ ಜಗಳ

2017ರ ಮೇ 8, ಸೋಮವಾರ ಬೆಳಿಗ್ಗೆ. ಡೊಂಬಿವಲಿ ಫಾಸ್ಟ್ ಲೋಕಲ್ಲಲ್ಲಿ ನಮ್ಮ ಕನ್ನಡದವರದ್ದೊಂದು ಟ್ರೇನ್ ಗ್ರೂಪ್, ಏಳೆಂಟು ಜನ, ಈಗ್ಲೂ ಇದೆ, ಮುಖಗಳು ಸ್ವಲ್ಪ ಬದಲಾಗಿವೆ ಅಷ್ಟೆ. ಅವತ್ತು ಠಾಣೆ ಬರೋವರೆಗೂ ಯಾರೂ ಬಾಯಿ ಬಿಡ್ಲಿಲ್ಲ. ಹಿಂದಿನ ದಿನ ಚಿನ್ನಸ್ವಾಮಿಯಲ್ಲಿ ಕೋಲ್ಕತ್ತಾದ ಸುನಿಲ್ ನರೈನ್ ಓಪನಿಂಗ್ ಬಂದು ನಮ್ಮ ಆರ್‌ಸಿಬಿ ಬೌಲರ್‌ಗಳಿಗೆ 15 ಬಾಲಲ್ಲಿ ಫಿಫ್ಟಿ ಚಚ್ಚಿದ್ದ, ಅವನೂ ಕ್ರಿಸ್ ಲಿನ್ನೂ ಸೇರಿ ಪವರ್‌ಪ್ಲೇಯ 6 ಓವರಲ್ಲಿ 105 ರನ್. ಮ್ಯಾಚ್ ಸೋತ ಸಂಕಟ ಇದ್ದೇ ಇತ್ತು, ಆದ್ರೆ ಮಾತು ನಿಂತಿದ್ದಕ್ಕೆ ಕಾರಣ ಬೇರೆ. ನಿಜವಾದ ಆಟಗಾರರನ್ನ ಆರಿಸಿ ಟೀಮ್ ಕಟ್ಕೊಂಡು, ಅವರು ಮ್ಯಾಚಲ್ಲಿ ಮಾಡಿದ್ದಕ್ಕೆ ಪಾಯಿಂಟ್ ಎಣಿಸೋ ಫ್ಯಾಂಟಸಿ ಲೀಗ್ ನಮ್ಮನಮ್ಮಲ್ಲೇ ಆಡ್ತೀವಿ, ಅದರ ಎಕ್ಸೆಲ್ ಶೀಟ್ ನಂದು, ಅದರಲ್ಲಿ ನರೈನ್ ಹೆಸರಿನ ಮುಂದೆ 'ಬೌಲರ್' ಅಂತ ಟೈಪ್ ಮಾಡಿದವನು ನಾನು, ಬೌಲರ್‌ಗಳು ಪಾಪ ರನ್ ಹೊಡೆಯೋದೇ ಅಪರೂಪ ಅಂತ ಬೌಲರ್ ಹೊಡೆದ ಪ್ರತಿ ರನ್ನಿಗೆ ಡಬಲ್ ಪಾಯಿಂಟ್ ಅಂತ ರೂಲ್ ಮಾಡಿದವನೂ ನಾನೇ. ನರೈನ್ ಹೊಡೆದಿದ್ದು 54. ಬರೀ ಬ್ಯಾಟಿಂಗಿಗೇ 108 ಪಾಯಿಂಟ್, ಅದೆಲ್ಲ ನೆಟ್ಟಗೆ ನರೈನ್‌ನ ಟೀಮಿಗೆ ತಗೊಂಡಿದ್ದ ನಮ್ಮ ಗದಗಿನ ಹುಡುಗನ ಖಾತೆಗೆ.

ಠಾಣೆಯಲ್ಲಿ ನಮ್ಮ ಗ್ರೂಪಿನ ಶೆಟ್ರಿಗೆ ಫೋರ್ತ್ ಸೀಟ್, ಅಂದ್ರೆ ಮೂವರ ಸೀಟಿನ ತುದೀಲಿ ನಾಲ್ಕನೆಯವನ ಜಾಗ ಸಿಕ್ತು, ಕೂತ ತಕ್ಷಣ ಶುರು. "ಅಲ್ಲ ಮಾರಾಯ್ರೆ, ಓಪನಿಂಗ್ ಬರುವವ ಬೌಲರ್ ಹೇಗೆ ಆಗ್ತಾನೆ? ಏಪ್ರಿಲ್‌ನಿಂದ ಓಪನಿಂಗ್ ಬರ್ತಾ ಇದ್ದಾನೆ ಅವ."

ಗದಗಿನ ಹುಡುಗ ಬಾಗಿಲ ಹತ್ರ ಕಂಬ ಹಿಡ್ಕೊಂಡೇ ಕೂಗಿದ. "ಶೀಟ್‌ನ್ಯಾಗ ಏನೈತಿ ಅದನ್ನ ನೋಡ್ರಿ. ಬೌಲರ್ ಅಂತ ಬರದೈತಿಲ್ಲೋ?"

ಇಬ್ಬರು ಹೇಳಿದ್ದೂ ಸರಿ, ಅದೇ ಕಷ್ಟ. ಆಮೇಲೆ ಇದೇ ತಲೆನೋವು ಬೇರೆ ಬೇರೆ ಆಟದ ಫ್ಯಾಂಟಸಿಯಲ್ಲಿ ಹೆಂಗೆ ಬಗೆಹರಿಸಿದಾರೆ ಅಂತ ಹುಡುಕ್ತಾ ಹೋದೆ. ಹೋಗಿ ನೋಡಿದ್ರೆ ಇದು ನಮ್ಮ ಡಬ್ಬಿಯಲ್ಲಿ ಮೊದಲ ಸಲ ಆದ ಜಗಳ ಏನಲ್ಲ, ಅಮೆರಿಕದವರು 1980ರಿಂದ ಇದನ್ನೇ ಜಗಳಾಡ್ತಿದಾರೆ.

ಮೊದಲು ಎರಡು ಮಾತು ಬೇರೆ ಬೇರೆ ಮಾಡ್ಕೊಳ್ಳಣ, ಯಾಕಂದ್ರೆ ಅರ್ಧ ಗೊಂದಲ ಅಲ್ಲೇ ಇರೋದು. ಸ್ಲಾಟ್ ಅಂದ್ರೆ ನಿಮ್ಮ ಟೀಮಲ್ಲಿರೋ ಸೀಟು: ಇಷ್ಟು ಕೀಪರ್, ಇಷ್ಟು ಬ್ಯಾಟರ್, ಇಷ್ಟು ಬೌಲರ್ ಅಂತ ಆಟ ಶುರುವಾಗೋಕೆ ಮುಂಚೆನೇ ಹಾಕಿಟ್ಟಿರೋ ಖಾಲಿ ಸೀಟು. ಎಲಿಜಿಬಿಲಿಟಿ ಅಂದ್ರೆ ಆ ಆಟಗಾರನ ಕೈಯಲ್ಲಿರೋ ಪಾಸ್, ಅಂದ್ರೆ ಅವನು ಯಾವ ಯಾವ ಸೀಟಲ್ಲಿ ಕೂರಬಹುದು ಅನ್ನೋದು. ಅವನು ನಿಜವಾದ ಮ್ಯಾಚಲ್ಲಿ ಇವತ್ತು ಏನು ಮಾಡ್ತಿದಾನೆ ಅನ್ನೋದು ಮೂರನೇ ವಿಷಯ, ಅದಕ್ಕೂ ಪಾಸಿಗೂ ಸಂಬಂಧ ಇರಬೇಕು, ಆದ್ರೆ ಬಹಳ ಸಲ ಇರಲ್ಲ. ಲೋಕಲ್ಲಲ್ಲಿ ಫಸ್ಟ್ ಕ್ಲಾಸ್ ಪಾಸ್ ಇದ್ದೋನು ಸೆಕೆಂಡ್ ಕ್ಲಾಸಿಗೂ ಹತ್ತಬಹುದು, ಸೆಕೆಂಡ್ ಕ್ಲಾಸ್ ಪಾಸ್ ಇದ್ದೋನು ಫಸ್ಟ್ ಕ್ಲಾಸ್ ಹತ್ತಿದ್ರೆ ಟಿಸಿ ಬಿಡಲ್ಲ, ಅವನು ಆಫೀಸಲ್ಲಿ ಎಷ್ಟೇ ದೊಡ್ಡ ಸಾಹೇಬನಾದ್ರೂ ಟಿಸಿ ನೋಡೋದು ಪಾಸನ್ನ ಮಾತ್ರ. ಫ್ಯಾಂಟಸಿ ಆ್ಯಪೂ ಹಂಗೇ ಒಬ್ಬ ಟಿಸಿ.

ಇನ್ನು ಈ ಸೀಟಿನ ಗೋಜಲು ಯಾಕಪ್ಪಾ ಬೇಕು ಅಂದ್ರೆ, ಇಲ್ಲದಿದ್ರೆ ಎಲ್ಲರೂ 11 ಓಪನರ್‌ಗಳನ್ನೇ ಆರಿಸ್ಕೊಂಡು ಕೂತ್ಕೋತಾರೆ. ರನ್ ಹೊಡೆಯೋರು ಬೇಕಾದಷ್ಟು ಜನ ಸಿಗ್ತಾರೆ, ರನ್ ಹೊಡೆಯೋ ಕೀಪರ್ ಸಿಗೋದು ಕಷ್ಟ, ಆ ಕಷ್ಟಕ್ಕೇ ಬೆಲೆ. ಒಬ್ಬ ಕೀಪರ್ ಸೀಸನ್ನಲ್ಲಿ 400 ರನ್ ಹೊಡೆದ ಅಂದ್ಕೊಳ್ಳಿ, ಒಬ್ಬ ಓಪನರ್ 450 ಹೊಡೆದ. ಯಾರು ಮೇಲು? ಉಳಿದ ಕೀಪರ್‌ಗಳೆಲ್ಲ 200ರ ಆಸುಪಾಸಲ್ಲಿ ಇದ್ದು, ಉಳಿದ ಓಪನರ್‌ಗಳೆಲ್ಲ 400ರ ಆಸುಪಾಸಲ್ಲಿ ಇದ್ರೆ, ಆ 400ರ ಕೀಪರ್ ಇದ್ದೋನಿಗೆ ಪಕ್ಕದವನಿಗಿಂತ 200 ರನ್ ಲಾಭ, 450ರ ಓಪನರ್ ಇದ್ದೋನಿಗೆ ಬರೀ 50. ನಮ್ಮ ಲೀಗಿಗೆ ಆಟಗಾರರನ್ನ ಹರಾಜು ಹಾಕೋ ಆಕ್ಷನ್ನಲ್ಲಿ ಕೀಪರ್ ಹೆಸರು ಬಂದಾಗ ಶೆಟ್ರು ಕೈ ಇಳಿಸದೇ ಕೂರೋದು ಇದಕ್ಕೇ. ಅಂದ್ಮೇಲೆ 'ಕೀಪರ್' ಅನ್ನೋ ಪಾಸ್ ಯಾರಿಗೆ ಕೊಡ್ತೀರಿ ಅನ್ನೋದೇ ದುಡ್ಡಿನ ಪ್ರಶ್ನೆ ಆಗೋಯ್ತು, ನಮ್ಮಲ್ಲಿ ದುಡ್ಡಿಲ್ಲ, ಸೋತೋರು ಎಲ್ಲರಿಗೂ ವಡಾಪಾವ್ ಕೊಡಿಸ್ಬೇಕು, ಆದ್ರೂ ಜಗಳಕ್ಕೇನೂ ಕಮ್ಮಿ ಇಲ್ಲ.

ಈ ಪಾಸ್ ಪದ್ಧತಿ ಗಟ್ಟಿಯಾಗಿ ಬೆಳೆದಿದ್ದು ಬೇಸ್‌ಬಾಲಲ್ಲಿ. 1980ರಲ್ಲಿ ಡೇನಿಯಲ್ ಓಕ್ರೆಂಟ್ ಅನ್ನೋ ಬರಹಗಾರ ತನ್ನ ಸ್ನೇಹಿತರನ್ನ ಸೇರಿಸ್ಕೊಂಡು ಶುರು ಮಾಡಿದ ಲೀಗು ಇವತ್ತಿನ ಫ್ಯಾಂಟಸಿ ಆಟಗಳಿಗೆಲ್ಲ ಅಜ್ಜ ಇದ್ದಂಗೆ, ಅವರೆಲ್ಲ ಸೇರ್ತಿದ್ದ ನ್ಯೂಯಾರ್ಕಿನ ಒಂದು ಫ್ರೆಂಚ್ ಹೋಟೆಲ್ಲಿನ ಹೆಸರಿಂದ ಅದಕ್ಕೆ ರೊಟಿಸರಿ ಲೀಗ್ ಅಂತ ಹೆಸರು ಬಂತು. ಹೋಟೆಲ್ ಟೇಬಲ್ಲಲ್ಲೇ ಹುಟ್ಟಿದ ಆಟ ಅಂದ್ರೆ ನಮ್ಮ ಶೆಟ್ರಿಗೆ ಒಂಥರಾ ಹೆಮ್ಮೆ.

ಬೇಸ್‌ಬಾಲಲ್ಲಿ ಪೊಸಿಷನ್ ಅಂದ್ರೆ ಫೀಲ್ಡಿಂಗ್ ಮಾಡೋ ಜಾಗ, ಇದನ್ನ ತಲೇಲಿಟ್ಕೊಳ್ಳಿ. ಎಲ್ಲರೂ ಬ್ಯಾಟ್ ಮಾಡ್ತಾರೆ, ಆದ್ರೆ ಪಾಸ್ ಸಿಗೋದು ಎಲ್ಲಿ ನಿಂತು ಫೀಲ್ಡಿಂಗ್ ಮಾಡ್ತೀರಿ ಅನ್ನೋದರ ಮೇಲೆ. ಕ್ಯಾಚರ್ ಅಂದ್ರೆ ನಮ್ಮ ಕೀಪರ್ ಥರ, ಶಾರ್ಟ್‌ಸ್ಟಾಪ್ ಅಂದ್ರೆ ಎರಡನೇ ಮೂರನೇ ಬೇಸಿನ ಮಧ್ಯೆ ನಿಲ್ಲೋನು, ಔಟ್‌ಫೀಲ್ಡ್ ಅಂದ್ರೆ ದೂರದ ಬೌಂಡರಿ ಕಡೆಯವರು. ಅಲ್ಲಿ ರೂಲು ಲೆಕ್ಕದ್ದು: ಇಷ್ಟು ಮ್ಯಾಚ್ ಆ ಜಾಗದಲ್ಲಿ ನಿಂತ್ರೆ ಆ ಜಾಗದ ಪಾಸ್ ನಿಂದು. ಯಾಹೂದವರ ಫ್ಯಾಂಟಸಿ ಲೀಗಲ್ಲಿ ಒಂದು ಜಾಗದಲ್ಲಿ 5 ಮ್ಯಾಚ್ ಶುರುವಿಂದ ಆಡಿದ್ರೆ ಅಥವಾ ಒಟ್ಟು 10 ಮ್ಯಾಚಲ್ಲಿ ಅಲ್ಲಿ ಕಾಣಿಸ್ಕೊಂಡ್ರೆ ಸಾಕು. ಇಎಸ್‌ಪಿಎನ್‌ನವರ ಫ್ಯಾಂಟಸಿ ಲೀಗು ಸ್ವಲ್ಪ ಬಿಗಿ, ಹಿಂದಿನ ಸೀಸನ್ನಲ್ಲಿ 20 ಮ್ಯಾಚ್ ಇಲ್ಲಾ ಈ ಸೀಸನ್ನಲ್ಲಿ 10 ಮ್ಯಾಚ್.

ಇದರಿಂದ ಏನಾಗುತ್ತೆ ಅಂತ ಮೂಕಿ ಬೆಟ್ಸ್ ನೋಡಿದ್ರೆ ಗೊತ್ತಾಗುತ್ತೆ. ಲಾಸ್ ಏಂಜಲೀಸ್ ಡಾಡ್ಜರ್ಸ್ ಟೀಮಿನವನು, ವರ್ಷಗಟ್ಟಲೆ ಔಟ್‌ಫೀಲ್ಡಲ್ಲಿ ನಿಂತು ಪ್ರಶಸ್ತಿ ಮೇಲೆ ಪ್ರಶಸ್ತಿ ತಗೊಂಡೋನು, 2023ರಲ್ಲಿ ಟೀಮಲ್ಲಿ ಜನ ಸಾಲದೆ ಅವನನ್ನ ಎರಡನೇ ಬೇಸಲ್ಲಿ 70 ಮ್ಯಾಚ್, ಶಾರ್ಟ್‌ಸ್ಟಾಪಲ್ಲಿ 16 ಮ್ಯಾಚ್ ನಿಲ್ಲಿಸಿದ್ರು. ಈಗ ಲೆಕ್ಕ ಹಾಕಿ: 16 ಅನ್ನೋದು 10ಕ್ಕಿಂತ ಜಾಸ್ತಿ, 20ಕ್ಕಿಂತ ಕಮ್ಮಿ. ಹಾಗಾಗಿ 2024ರ ಸೀಸನ್ ಶುರುವಾದಾಗ ಅದೇ ಮನುಷ್ಯ ಒಂದು ಕಡೆಯ ಲೆಕ್ಕದಲ್ಲಿ ಶಾರ್ಟ್‌ಸ್ಟಾಪ್, ಇನ್ನೊಂದು ಕಡೆಯ ಲೆಕ್ಕದಲ್ಲಿ ಅಲ್ಲ. ಯಾವ ಆ್ಯಪಲ್ಲಿ ಆಡ್ತಿದೀರಿ ಅನ್ನೋದರ ಮೇಲೆ ಅವನ ಬೆಲೆನೇ ಬೇರೆ. ಮೂರು ಜಾಗದ ಪಾಸ್ ಇರೋನು ಟೀಮಲ್ಲಿದ್ರೆ, ಯಾರಿಗಾದ್ರೂ ಗಾಯ ಆದಾಗ ಇವನನ್ನ ಆ ಕಡೆ ಸರಿಸಿ, ಇವನ ಜಾಗಕ್ಕೆ ಬೆಂಚಲ್ಲಿರೋ ಇನ್ನೊಬ್ಬನನ್ನ ತಂದು ಕೂರಿಸಬಹುದು, ಅದೇ ಅದರ ಮಜಾ. ಇನ್ನೊಂದು ಮಾತು, ಅಲ್ಲಿ ಸೀಸನ್ ನಡುವೆ ಹೊಸ ಪಾಸ್ ಸೇರುತ್ತೆ, ಇರೋ ಪಾಸ್ ಕಿತ್ಕೊಳ್ಳಲ್ಲ. ಇದು ನನಗೆ ಬಹಳ ಇಷ್ಟ ಆಯ್ತು, ಮುಂದೆ ನಮ್ಮ ಲೀಗಿಗೂ ತಂದೆ.

ಉಲ್ಟಾ ಕೇಸ್ ಶೋಹೇ ಒಟಾನಿ. ಬ್ಯಾಟೂ ಮಾಡ್ತಾನೆ, ಪಿಚಿಂಗೂ ಮಾಡ್ತಾನೆ, ಅಂದ್ರೆ ನಮ್ಮ ಭಾಷೆಯಲ್ಲಿ ಓಪನರೂ ಅವನೇ ಸ್ಟ್ರೈಕ್ ಬೌಲರೂ ಅವನೇ. ಯಾಹೂದವರು ತಲೆ ಕೆಟ್ಟು ಅವನನ್ನ ಇಬ್ಬರು ಆಟಗಾರರನ್ನಾಗಿ ಸೀಳಿಬಿಟ್ರು, ಬ್ಯಾಟರ್ ಒಟಾನಿ ಒಬ್ಬ, ಪಿಚರ್ ಒಟಾನಿ ಇನ್ನೊಬ್ಬ, ನೀವು ಒಬ್ಬನನ್ನ ತಗೊಂಡ್ರೆ ನಿಮ್ಮ ಫ್ರೆಂಡ್ ಇನ್ನೊಬ್ಬನನ್ನ ತಗೋಬಹುದು. 2023ರಲ್ಲಿ ಆಪರೇಷನ್ ಆಗಿದ್ದಕ್ಕೆ 2024ರಲ್ಲಿ ಅವನು ಪಿಚಿಂಗ್ ಮಾಡ್ಲೇ ಇಲ್ಲ, ಫೀಲ್ಡಿಂಗಿಗೂ ಇಳೀಲಿಲ್ಲ, ಬರೀ ಬ್ಯಾಟಿಂಗ್, 54 ಹೋಮ್ ರನ್ನು (ನಮ್ಮ ಸಿಕ್ಸರ್ ಥರ), 59 ಸ್ಟೋಲನ್ ಬೇಸು (ಎದುರಾಳಿ ಕಣ್ತಪ್ಪಿಸಿ ಮುಂದಿನ ಬೇಸಿಗೆ ಓಡೋದು). ಅಷ್ಟು ದೊಡ್ಡ ಸೀಸನ್ ಆಡಿದವನಿಗೆ ಸಿಕ್ಕಿದ್ದು ಯಾರು ಬೇಕಾದ್ರೂ ಕೂರೋ ಯುಟಿಲಿಟಿ ಸೀಟಿನ ಪಾಸ್ ಮಾತ್ರ, ಯಾಕಂದ್ರೆ ಎಲ್ಲೂ ನಿಂತು ಫೀಲ್ಡಿಂಗ್ ಮಾಡಿರ್ಲಿಲ್ಲವಲ್ಲ.

ಇನ್ನು ಫುಟ್‌ಬಾಲ್, ನಮ್ಮ ಆಫೀಸಲ್ಲೆಲ್ಲ ಹುಚ್ಚು ಹಿಡಿಸಿರೋ ಇಂಗ್ಲಿಷ್ ಪ್ರೀಮಿಯರ್ ಲೀಗಿನ ಎಫ್‌ಪಿಎಲ್, ಅಂದ್ರೆ ಫ್ಯಾಂಟಸಿ ಪ್ರೀಮಿಯರ್ ಲೀಗ್. ಅಲ್ಲಿ ರೂಲ್ ಪೂರ್ತಿ ಬೇರೆ. ಒಬ್ಬನಿಗೆ ಒಂದೇ ಲೇಬಲ್, ಸೀಸನ್ ಶುರುವಿಗೆ ಮುಂಚೆ ಅವರೇ ಹಚ್ಚೋದು, ವರ್ಷ ಪೂರ್ತಿ ಬದಲಾಗಲ್ಲ. 15 ಜನರ ಟೀಮು: 2 ಗೋಲ್‌ಕೀಪರ್, 5 ಡಿಫೆಂಡರ್, 5 ಮಿಡ್‌ಫೀಲ್ಡರ್, 3 ಫಾರ್ವರ್ಡ್. ಇಲ್ಲಿ ಲೇಬಲ್ ಬರೀ ಸೀಟು ಹೇಳಲ್ಲ, ಪಾಯಿಂಟ್ ರೇಟನ್ನೂ ಹೇಳುತ್ತೆ, ಮಜಾ ಇರೋದೇ ಇಲ್ಲಿ. ಡಿಫೆಂಡರ್ ಗೋಲ್ ಹೊಡೆದ್ರೆ 6, ಮಿಡ್‌ಫೀಲ್ಡರ್ ಹೊಡೆದ್ರೆ 5, ಫಾರ್ವರ್ಡ್ ಹೊಡೆದ್ರೆ 4. ಎದುರು ಟೀಮಿಗೆ ಗೋಲ್ ಬಿಟ್ಟುಕೊಡದಿದ್ರೆ, ಅಂದ್ರೆ ಕ್ಲೀನ್ ಶೀಟ್ ಆದ್ರೆ, ಡಿಫೆಂಡರ್‌ಗೆ 4, ಮಿಡ್‌ಫೀಲ್ಡರ್‌ಗೆ 1, ಫಾರ್ವರ್ಡ್‌ಗೆ ಸೊನ್ನೆ.

ನನ್ನ ಬೌಲರ್ ಡಬಲ್ ರನ್ ರೂಲೂ ಇದೇ ಜಾತಿ ಅಲ್ವಾ, ಯಾರಿಗೆ ಯಾವ ಕೆಲಸ ಕಷ್ಟವೋ ಆ ಕೆಲಸಕ್ಕೆ ಅವರಿಗೆ ಜಾಸ್ತಿ ಕೂಲಿ. ಲೇಬಲ್ ಸರಿ ಇರೋವರೆಗೂ ಇದು ನ್ಯಾಯ, ಲೇಬಲ್ ತಪ್ಪಾದ್ರೆ ಲಾಟರಿ.

ಆ ಲಾಟರಿ 2019-20ರಲ್ಲಿ ಹೊಡೀತು. ಶೆಫೀಲ್ಡ್ ಯುನೈಟೆಡ್ಡಿನ ಜಾನ್ ಲಂಡ್‌ಸ್ಟ್ರಮ್‌ಗೆ ಡಿಫೆಂಡರ್ ಅಂತ ಲೇಬಲ್ ಹಚ್ಚಿ, 4.0 ಅಂದ್ರೆ ಲಿಸ್ಟಿನ ಅತೀ ಅಗ್ಗದ ಬೆಲೆಗೆ ಇಟ್ರು. ಮೈದಾನದಲ್ಲಿ ನೋಡಿದ್ರೆ ಅವನು ಆಡ್ತಿದ್ದಿದ್ದು ಮಿಡ್‌ಫೀಲ್ಡಲ್ಲಿ. ನವೆಂಬರಲ್ಲಿ ಬರ್ನ್ಲಿ ಮೇಲೆ 3-0 ಗೆದ್ದ ಮ್ಯಾಚಲ್ಲಿ ಎರಡು ಗೋಲ್ ಅವನದ್ದೇ. ಆಡಿದ್ದಕ್ಕೆ 2, ಎರಡು ಗೋಲಿಗೆ 12, ಕ್ಲೀನ್ ಶೀಟಿಗೆ 4, ಬೋನಸ್ ಬಿಟ್ಟೇ 18. ಮಿಡ್‌ಫೀಲ್ಡರ್ ಅಂತ ಸರಿಯಾಗಿ ಬರೆದಿದ್ರೆ 2, 10, 1, ಒಟ್ಟು 13 ಆಗ್ತಿತ್ತು. ನರೈನ್ ಕೇಸಿನ ಅಣ್ಣತಮ್ಮ ಇದು. ಅಲ್ಲಿನವರೇನೂ ಸೀಸನ್ ನಡುವೆ ಲೇಬಲ್ ಕಿತ್ತು ಬದಲಾಯಿಸ್ಲಿಲ್ಲ, ಕಣ್ಣಿಟ್ಟು ಮ್ಯಾಚ್ ನೋಡಿದವರು ಲಾಭ ಮಾಡ್ಕೊಂಡ್ರು.

ಮೊಹಮ್ಮದ್ ಸಾಲಾನ ಕಥೆ ಇನ್ನೂ ದೊಡ್ಡದು. 2017-18ರಲ್ಲಿ ಲಿವರ್‌ಪೂಲಿಗೆ 32 ಲೀಗ್ ಗೋಲ್ ಹೊಡೆದ, ಎಫ್‌ಪಿಎಲ್ಲಲ್ಲಿ ಮಾತ್ರ ಅವನು ಮಿಡ್‌ಫೀಲ್ಡರ್. ಗೋಲಿಗೆ ಒಂದೊಂದು ಪಾಯಿಂಟ್ ಜಾಸ್ತಿ ಅಂದ್ರೂ 32 ಪಾಯಿಂಟ್ ಬರೀ ಲೇಬಲ್‌ನಿಂದ ಬಂದಿದ್ದು, ಮೇಲೆ ಕ್ಲೀನ್ ಶೀಟಿನ ಚಿಲ್ಲರೆ, ಒಟ್ಟು 303. ವಿಂಗಲ್ಲಿ ಆಡೋರನ್ನ ಮಿಡ್‌ಫೀಲ್ಡರ್ ಅನ್ಬೇಕಾ ಫಾರ್ವರ್ಡ್ ಅನ್ಬೇಕಾ ಅನ್ನೋದು ಇವತ್ತಿಗೂ ಬಗೆಹರಿದಿಲ್ಲ, ಪ್ರತಿ ಜುಲೈಯಲ್ಲಿ ಹೊಸ ಲಿಸ್ಟ್ ಬಂದಾಗ ಜನ ಮೊದಲು ಹುಡುಕೋದೇ ಯಾರ ಲೇಬಲ್ ಬದಲಾಯ್ತು ಅಂತ. ಆರ್ಸೆನಲ್ಲಿನ ಹಾವರ್ಟ್ಸ್ 2023-24ರಲ್ಲಿ ಮಿಡ್‌ಫೀಲ್ಡರ್ ಲೇಬಲ್ಲಲ್ಲಿದ್ದು ಆಮೇಲಾಮೇಲೆ ಸ್ಟ್ರೈಕರ್ ಆಗಿ ಆಡಿದ, ಮುಂದಿನ ವರ್ಷ ಫಾರ್ವರ್ಡ್ ಅಂತ ಬದಲಾಯಿಸಿದ್ರು. ಅಂದ್ರೆ ಲೇಬಲ್ ಯಾವಾಗ್ಲೂ ಒಂದು ವರ್ಷ ಹಿಂದೆ ಓಡ್ತಿರುತ್ತೆ.

ಅಮೆರಿಕದ ಫುಟ್‌ಬಾಲಲ್ಲೂ ಒಂದು ಗಲಾಟೆ ಆಯ್ತು, ಚಿಕ್ಕದಾಗಿ ಹೇಳ್ತೀನಿ. ನ್ಯೂ ಓರ್ಲಿಯನ್ಸ್ ಟೀಮಿನ ಟೇಸಮ್ ಹಿಲ್ ಅನ್ನೋನು ಎಲ್ಲಾ ಕೆಲಸಕ್ಕೂ ಒದಗೋ ಆಳು, ಇಎಸ್‌ಪಿಎನ್ನಲ್ಲಿ ಅವನಿಗೆ ಟೈಟ್ ಎಂಡ್ ಪಾಸ್ ಇತ್ತು, ಆ ಜಾಗಕ್ಕೆ ಪಾಯಿಂಟ್ ಬರೋದು ಕಮ್ಮಿ. 2020ರ ನವೆಂಬರಲ್ಲಿ ಮುಖ್ಯ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ರೀಸ್‌ಗೆ ಪಕ್ಕೆಲುಬು ಮುರೀತು, ಕೋಚ್ ಹಿಲ್‌ನ ಕ್ವಾರ್ಟರ್‌ಬ್ಯಾಕ್ ಮಾಡಿದ್ರು. ಆಟದಲ್ಲಿ ಅತೀ ಹೆಚ್ಚು ಪಾಯಿಂಟ್ ಬರೋ ಕೆಲಸ, ಕೂತಿರೋದು ಮಾತ್ರ ಟೈಟ್ ಎಂಡ್ ಸೀಟಲ್ಲಿ. ಅಟ್ಲಾಂಟಾ ಮೇಲೆ ಅವನೇ ಓಡಿ ಎರಡು ಟಚ್‌ಡೌನ್ ಹೊಡೆದ. ಎಷ್ಟು ಮನೆ ಲೀಗಲ್ಲಿ ಸ್ನೇಹ ಕೆಟ್ಟಿತೋ ದೇವರೇ ಬಲ್ಲ.

ಈಗ ಕ್ರಿಕೆಟ್‌ಗೆ ವಾಪಸ್ ಬರಣ. ನಮ್ಮ ದೇಶದಲ್ಲಿ ಬಹಳ ಜನಕ್ಕೆ ಫ್ಯಾಂಟಸಿ ಅಂದ್ರೆ ಡ್ರೀಮ್11, ಇದೇ ಮುಂಬೈಯಲ್ಲಿ 2008ರಲ್ಲಿ ಶುರುವಾದದ್ದು, 2025ರ ಆಗಸ್ಟಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದ್ಮೇಲೆ ದುಡ್ಡು ಕಟ್ಟಿ ಆಡೋದು ನಿಂತೋಯ್ತು. ಅಲ್ಲಿ ನಾಲ್ಕೇ ಖಾನೆ: ವಿಕೆಟ್‌ಕೀಪರ್, ಬ್ಯಾಟರ್, ಆಲ್‌ರೌಂಡರ್, ಬೌಲರ್. ಒಬ್ಬನಿಗೆ ಒಂದೇ ಖಾನೆ, ಬೇಸ್‌ಬಾಲಿನ ಥರ ಎರಡು ಮೂರು ಪಾಸ್ ಇಲ್ಲ. ಅಲ್ಲೂ ಲೇಬಲ್ ಸ್ವಲ್ಪ ಪಾಯಿಂಟಿಗೆ ಕೈ ಹಾಕುತ್ತೆ: ಸೊನ್ನೆಗೆ ಔಟಾದ್ರೆ ಉಳಿದವರಿಗೆ ಪಾಯಿಂಟ್ ಕಟ್, ಬೌಲರ್‌ಗೆ ಮಾಫಿ.

ಕ್ರಿಕೆಟ್ಟಲ್ಲಿ ನಿಜವಾದ ತಲೆನೋವು ಕೀಪರ್ ಖಾನೆ. ನಮ್ಮ ದ್ರಾವಿಡ್‌ನೇ ತಗೊಳ್ಳಿ. 2003ರ ವರ್ಲ್ಡ್ ಕಪ್ಪಲ್ಲಿ ಒಬ್ಬ ಬ್ಯಾಟ್ಸ್‌ಮನ್ ಜಾಸ್ತಿ ಆಡಿಸೋಕೆ ಅಂತ ಗ್ಲೌಸ್ ಕೈಗೆ ಕೊಟ್ರು, ಪಾರ್ಥಿವ್ ಪಟೇಲ್ ಟೂರ್ನಮೆಂಟ್ ಪೂರ್ತಿ ಬೆಂಚಲ್ಲಿ. ಸೌರವ್ ಗಂಗೂಲಿ ಅವತ್ತು ಮಾಡಿದ್ದು ಏನು ಅಂತೀರಾ, ಒಬ್ಬ ಅಪ್ಪಟ ಬ್ಯಾಟ್ಸ್‌ಮನ್ನಿಗೆ ಕೀಪರ್ ಪಾಸ್ ಮಾಡಿಸಿ ಒಂದು ಸೀಟ್ ಖಾಲಿ ಮಾಡ್ಕೊಂಡಿದ್ದು. ಫ್ಯಾಂಟಸಿ ಆಡೋರು ಆ್ಯಪಲ್ಲಿ ಮಾಡೋದೂ ಅದನ್ನೇ. ಇನ್ನೊಬ್ಬ ನಮ್ಮೋನು ಕೆ.ಎಲ್. ರಾಹುಲ್: 2023ರ ವರ್ಲ್ಡ್ ಕಪ್ಪಲ್ಲಿ ಇಂಡಿಯಾಕ್ಕೆ ಕೀಪರ್, ಅದಕ್ಕೂ ಮುಂಚೆ 2022ರ ಐಪಿಎಲ್ಲಲ್ಲಿ ಲಕ್ನೋಗೆ ಕೀಪಿಂಗ್ ಮಾಡಿದ್ದು ಡಿ ಕಾಕ್, ರಾಹುಲ್ ಬರೀ ಓಪನರ್ ಮತ್ತೆ ಕ್ಯಾಪ್ಟನ್. ಇಂಥವನನ್ನ ಯಾವ ಖಾನೆಗೆ ಹಾಕ್ತೀರಿ? ಕೀಪರ್ ಅಂತ ಹಾಕಿದ್ರೆ ತಗೊಂಡೋನಿಗೆ ಅಗ್ಗಕ್ಕೆ ಓಪನರ್ ಸಿಕ್ಕಂಗೆ, ಆದ್ರೆ ಸ್ಟಂಪಿಂಗ್ ಪಾಯಿಂಟ್ ಬರಲ್ಲ. ಬ್ಯಾಟರ್ ಅಂತ ಹಾಕಿದ ವಾರವೇ ಅವನು ಗ್ಲೌಸ್ ಹಾಕ್ಕೊಂಡು ಬಂದ್ರೆ ನಿಮ್ಮ ಮರ್ಯಾದೆ ಹೋಯ್ತು.

ಲೇಬಲ್ ದೊಡ್ಡದಿದ್ದು ಕೆಲಸ ಚಿಕ್ಕದಾಗೋದೂ ಇದೆ, ಇದನ್ನ ಜನ ಗಮನಿಸೋದು ಕಮ್ಮಿ. 2023ರಲ್ಲಿ ಐಪಿಎಲ್ಲಿಗೆ ಇಂಪ್ಯಾಕ್ಟ್ ಪ್ಲೇಯರ್ ರೂಲ್ ಬಂತು, ಅಂದ್ರೆ ಮ್ಯಾಚ್ ನಡುವೆ ಒಬ್ಬನನ್ನ ತೆಗೆದು ಅವನ ಬದಲು ಇನ್ನೊಬ್ಬನನ್ನ ಇಳಿಸಬಹುದು. ನಮ್ಮ ಮುಂಬೈನ ಶಿವಂ ದುಬೆ ಹೆಸರಿಗೆ ಆಲ್‌ರೌಂಡರ್, 2024ರಲ್ಲಿ ಚೆನ್ನೈಗೆ ಬ್ಯಾಟ್ ಬೀಸಿ ಹೋಗ್ತಿದ್ದ, ಬೌಲಿಂಗ್ ಸಿಕ್ಕಿದ್ದು ಇಲ್ಲ ಅನ್ನೋಷ್ಟು ಕಮ್ಮಿ. ಈ ರೂಲಿಂದ ಆಲ್‌ರೌಂಡರ್‌ಗಳು ಬೆಳೆಯಲ್ಲ ಅಂತ ರೋಹಿತ್ ಶರ್ಮಾನೇ ಬಹಿರಂಗವಾಗಿ ಹೇಳಿದ್ರು. ಫ್ಯಾಂಟಸಿಯಲ್ಲಿ ದುಬೆಗೆ ಆಲ್‌ರೌಂಡರ್ ಬೆಲೆ ಕೊಟ್ಟು ತಗೊಂಡೋನು ಫಸ್ಟ್ ಕ್ಲಾಸ್ ಪಾಸ್ ತಗೊಂಡು ದಿನಾ ಸೆಕೆಂಡ್ ಕ್ಲಾಸಲ್ಲಿ ನಿಂತ್ಕೊಂಡು ಹೋದಂಗೆ. ನಮ್ಮ ಗ್ರೂಪಿನ ವಿಜಯಪುರದ ಸರ್ ಅದೇ ಮಾಡಿದ್ರು, ಪಾಪ, ಎರಡು ವಾರ ಯಾರ ಹತ್ರಾನೂ ಹೇಳ್ಕೊಳ್ಳಿಲ್ಲ.

ನಮ್ಮ ಲೀಗಿಗೆ ಕೊನೆಗೆ ಏನು ಮಾಡಿದ್ವಿ ಅಂದ್ರೆ, ಬೇಸ್‌ಬಾಲು, ಎಫ್‌ಪಿಎಲ್ಲು ಎರಡೂ ಕಡೆಯಿಂದ ಕದ್ವಿ. ಸೀಸನ್ ಶುರುವಿಗೆ ಎಲ್ಲರಿಗೂ ಒಂದು ಲೇಬಲ್, ಹಿಂದಿನ ಸೀಸನ್ ನೋಡಿ. ಬೌಲರ್ ಅಂತ ಇರೋನು ಮೂರು ಮ್ಯಾಚಲ್ಲಿ ಮೊದಲ ನಾಲ್ಕರೊಳಗೆ ಬ್ಯಾಟಿಂಗ್ ಬಂದ್ರೆ ಅವನಿಗೆ ಆಲ್‌ರೌಂಡರ್ ಪಾಸೂ ಸಿಗುತ್ತೆ, ಬೌಲರ್ ಸೀಟಲ್ಲಿ ಕೂರೋದೂ ಉಳಿಯುತ್ತೆ, ಆದ್ರೆ ಡಬಲ್ ರನ್ ಅವತ್ತಿಂದ ಬಂದ್. ಅಂದ್ರೆ ಸೀಟಿನ ಲೆಕ್ಕ ಬೇರೆ, ಪಾಯಿಂಟ್ ರೇಟಿನ ಲೆಕ್ಕ ಬೇರೆ, ನಾನು 2017ರಲ್ಲಿ ಮಾಡಿದ ತಪ್ಪು ಇವೆರಡನ್ನೂ ಒಂದೇ ಪದಕ್ಕೆ ಗಂಟು ಹಾಕಿದ್ದು. ಕೀಪರ್ ಪಾಸಿಗೆ ಹಿಂದಿನ ಸೀಸನ್ನಲ್ಲೋ ಈ ಸೀಸನ್ನಲ್ಲೋ ಮೂರು ಮ್ಯಾಚಲ್ಲಾದ್ರೂ ಗ್ಲೌಸ್ ಹಾಕಿರಬೇಕು. ಬದಲಾವಣೆ ಏನೇ ಇದ್ರೂ ಮುಂದಿನ ಸೋಮವಾರದಿಂದ, ಆಗೋಗಿರೋ ಮ್ಯಾಚಿಗೆ ಕೈ ಹಾಕೋ ಹಂಗಿಲ್ಲ. ಈ ಸೋಮವಾರದ ರೂಲಿಗೆ ಶೆಟ್ರು ಒಪ್ಪೋಕೆ ಒಂದು ಮಳೆಗಾಲ ಹಿಡೀತು, ಯಾಕಂದ್ರೆ ಒಪ್ಪಿದ್ರೆ ಆ 108 ಗದಗಿನವನಿಗೇ ಪಕ್ಕಾ ಆಗ್ತಿತ್ತು. ಆಗಿದೆ. ಆ ವರ್ಷ ಅವನೇ ಗೆದ್ದಿದ್ದು.

ಗದಗಿನವನಿಗೆ ಈಗ ಪನ್ವೇಲ್ ಕಡೆ ಕೆಲಸ, ನಮ್ಮ ಟ್ರೇನಲ್ಲಿ ಇಲ್ಲ, ಆಕ್ಷನ್ನಿಗೆ ಮಾತ್ರ ತಪ್ಪದೇ ಶೆಟ್ರ ಮನೆಗೆ ಬರ್ತಾನೆ. ಬಂದೋನು ಚಾ ಲೋಟ ಕೈಗೆ ತಗೊಂಡು ಮೊದಲು ಕೇಳೋದು ಒಂದೇ, "ಸರ, ಬೌಲರ್ ಲಿಸ್ಟ್ ಒಮ್ಮಿ ಜೋರಾಗಿ ಓದ್ರಲಾ." ನಾನು ಓದ್ತೀನಿ. 2024ರಲ್ಲಿ ನರೈನ್ 488 ರನ್ನೂ 17 ವಿಕೆಟ್ಟೂ ತಗೊಂಡು ಸೀಸನ್ನಿನ ದೊಡ್ಡ ಬಹುಮಾನ ಹೊಡೆದಾಗ ಅವನ ಹೆಸರು ನಮ್ಮ ಬೌಲರ್ ಲಿಸ್ಟಲ್ಲಿ ಇರ್ಲಿಲ್ಲ, ಎಷ್ಟೋ ವರ್ಷದಿಂದ ಇಲ್ಲ. ಆದ್ರೂ ಕೋಲ್ಕತ್ತಾ ಟೀಮಿನ ಸಾಲು ಬಂದ ತಕ್ಷಣ ಶೆಟ್ರು ಅಡುಗೆಮನೆಯಿಂದ ಹೊರಗೆ ಬಂದು ನಿಂತ್ಕೋತಾರೆ. "ಅವ ಆಲ್‌ರೌಂಡರ್. ನೀವು ಮುಂದೆ ಓದಿ."